ತಂಗಮ್ಮ ತಿದ್ದಿದ ಪದ್ಯ

ಹವಾಲ್ದಾರ್ ಕೃಷ್ಣಪ್ಪನವರು ಸೇನೆಯಿಂದ ನಿವೃತ್ತರಾಗಿ ಬಾಳೂರಿನಲ್ಲಿ ಕಾಫಿ ಗಿಡದ ನರ್ಸರಿ ಇಟ್ಟುಕೊಂಡಿದ್ದರು. ಬಿಡುವಾದಾಗ ಪದ್ಯ ಬರೆಯುತ್ತಿದ್ದರು, ಎಲ್ಲವೂ ಯುದ್ಧದವೇ. ಊರವರು ಬಹಳ ಮೆಚ್ಚಿದ್ದು ಶೇಷಪ್ಪನ ಮೇಲಿನ ಪದ್ಯವನ್ನು. ಶೇಷಪ್ಪ ಅವರ ಜೊತೆಗಾರ. ಗಡಿಯಲ್ಲಿ ಅವರ ಪಕ್ಕದಲ್ಲೇ ಗುಂಡು ತಗುಲಿ ತೀರಿಕೊಂಡಿದ್ದ.

ಶೇಷಪ್ಪನ ಹೆಂಡತಿ ತಂಗಮ್ಮ ಊರಿನ ಕಾಫಿ ಎಸ್ಟೇಟಿನಲ್ಲಿ ಹೆಣ್ಣಾಳುಗಳ ಮೇಸ್ತ್ರಿ. ಆಕೆಗೆ ಓದು ಬಾರದು. ಪದ್ಯಗಳ ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಆಕೆ ಒಮ್ಮೆ ಕೇಳಲಿ ಎಂದು ಕೃಷ್ಣಪ್ಪ ಒಂದು ಭಾನುವಾರ ಎಸ್ಟೇಟಿನ ಆಳುಗಳು ವಾಸಿಸುವ ಲೈನ್ ಮನೆಗೆ ಹೋಗಿ ಪದ್ಯ ಓದಿದರು.

'ಅವನು ಬಿದ್ದಲ್ಲಿ ಮಣ್ಣು ಬಸಿರಾಯಿತು, ಹೂವ ಹೆತ್ತಿತು' ಎಂಬ ಸಾಲು ಬಂದಾಗ ತಂಗಮ್ಮ ತಡೆದಳು.

"ಅಣ್ಣ, ಮಣ್ಣು ಬಸಿರಾಗ್ಲಿಲ್ಲ. ಬಸಿರಾಗಿದ್ದೋಳು ನಾನು."

ಕೃಷ್ಣಪ್ಪ ಹಾಳೆ ಕೆಳಗಿಟ್ಟರು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ.

"ಸುದ್ದಿ ಬಂದಾಗ ನಂಗೆ ಏಳು ತಿಂಗಳು. ಎದೆ ಬಡ್ಕೊಂಡು ಅತ್ರೆ ಮಗೀಗೆ ಏನಾದ್ರೂ ಆದೀತು ಅಂತ ಹೆದ್ರಿಕೆ. ಹಲ್ಲು ಕಚ್ಕೊಂಡು ದಿನಾ ಕೆಲ್ಸಕ್ಕೆ ಹೋದೆ. ಗಂಡ ಸತ್ರೂ ಅಳ್ಲಿಲ್ಲ ಅಂತ ಜನ ಆಡ್ಕೊಂಡ್ರು."

"ಆಮೇಲೆ?"

"ಹೆರಿಗೆ ದಿನ ಅತ್ತೆ ಅಣ್ಣ. ಎರಡು ತಿಂಗಳು ತಡ್ಕೊಂಡಿದ್ದೆಲ್ಲ ಅವತ್ತು ಕೂಗ್ದೆ. ಆಸ್ಪತ್ರೇಲಿ ಎಲ್ರೂ ಅದು ಹೆರಿಗೆ ನೋವು ಅಂದ್ಕೊಂಡ್ರು."

ಯುದ್ಧಭೂಮಿಯಲ್ಲಿ ಗಟ್ಟಿಗರನ್ನು ಕಂಡಿದ್ದ ಕೃಷ್ಣಪ್ಪ ಎದ್ದು ನಿಂತು ಆಕೆಗೆ ಕೈಮುಗಿದರು. "ನಾನು ಇಷ್ಟು ವರ್ಷ ಮಣ್ಣು, ಹೂವು ಅಂತ ಬರೆದೆ ತಂಗಮ್ಮ. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು."

ಹಳೆಯ ಪದ್ಯವನ್ನು ಅವರು ಕೈಬಿಟ್ಟರು. ಹೊಸದು ಮುಗಿಯಲು ಎರಡು ತಿಂಗಳು ಹಿಡಿಯಿತು. ಮೂಡಿಗೆರೆಯಲ್ಲಿ ಪುಸ್ತಕ ಬಿಡುಗಡೆಯಾದ ದಿನ ಅದನ್ನೇ ಓದಿದರು. ಅದರಲ್ಲಿ ಹೂವಿರಲಿಲ್ಲ, ಅಳು ನುಂಗಿಕೊಂಡು ಕಳೆ ಕೀಳುವ ಒಬ್ಬ ಬಸುರಿ ಇದ್ದಳು, ಕೊನೆಗೆ ಅವಳ ಕೂಗಿತ್ತು. ಓದಿ ಮುಗಿಸಿ, "ಇದನ್ನ ಬದುಕಿದೋರು ಅಲ್ಲಿ ಕೂತಿದ್ದಾರೆ" ಎಂದರು. ಸಭೆಯಲ್ಲಿದ್ದವರೆಲ್ಲ ಎದ್ದು ನಿಂತರು. ತಂಗಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು.

ಪಕ್ಕದಲ್ಲಿದ್ದ ಮಗಳು ರೇವತಿ ಇದನ್ನು ಕೇಳಿದ್ದು ಅದೇ ಮೊದಲು. ಬಸ್ಸಿನಲ್ಲಿ ಬರುವಾಗ ಅಮ್ಮನ ಕೈ ಹಿಡಿದುಕೊಂಡು, "ನಂಗ್ಯಾಕೆ ಯಾವತ್ತೂ ಹೇಳ್ಲಿಲ್ಲ?" ಎಂದಳು.

"ನೀನು ಹುಟ್ಟಿದ್ದು ನಂಗೆ ಸಂತೋಷದ ದಿನ ಕಣೇ," ಎಂದಳು ತಂಗಮ್ಮ. "ನಿಂಗೂ ಅದು ಹಾಗೇ ಇರ್ಲಿ ಅಂತ."