ಕರೆಮ್ಮನ ಕಲ್ಲು ಸಿಕ್ಕಿದ್ದೆಲ್ಲಿ?

ನಿಜಾಮನ ಆಳ್ವಿಕೆ ಹೋಗಿ ಮೂರು ವರ್ಷವಾಗಿತ್ತು. ಆದರೂ ಕೈಯಲ್ಲಿ ಕಾಗದ ಹಿಡಿದವರು ಓಣಿಗೆ ಬಂದರೆ ಕಕ್ಕೇರಾದ ಜನ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಮನೆಯಲ್ಲಿರುವ ಹತ್ಯಾರ ಒಪ್ಪಿಸಿ ಎಂದು ಡಂಗುರ ಹೊಡೆಸಿದ ದಿನ ಕುರಿಗಾರ ಹುಲಗಪ್ಪ ತನ್ನ ಅಪ್ಪನ ಕತ್ತಿಯನ್ನು ಕೊಟ್ಟು ಬಂದಿದ್ದ. ಅದು ಹಿಂದಕ್ಕೆ ಬರಲಿಲ್ಲ. ಯಾರನ್ನು ಕೇಳಬೇಕೆಂಬುದೂ ಅವನಿಗೆ ಗೊತ್ತಿರಲಿಲ್ಲ.

ಈಗ ಇನ್ನೊಂದು ಸುದ್ದಿ. ಶಹಾಪುರದ ವಾಚನಾಲಯದ ಹಿಂದಿನ ಕೋಣೆಯಲ್ಲಿ ಹಳೆಯ ವಸ್ತುಗಳ ಸಣ್ಣ ಸಂಗ್ರಹಾಲಯ ತೆರೆದಿದ್ದಾರೆ. ಅಲ್ಲಿಯ ಸಂಗಣ್ಣ ಮಾಸ್ತರರು ಊರೂರು ತಿರುಗಿ, ಸಾವಿರಾರು ವರ್ಷಗಳ ಹಿಂದಿನ ಜನ ಮಾಡಿದ ಕಲ್ಲಿನ ಕೊಡಲಿ ವಿಚಾರಿಸುತ್ತಿದ್ದಾರೆ.

"ಕತ್ತಿ ಆತು. ಈಗ ಕಲ್ಲಿನ ಮ್ಯಾಲ ಕಣ್ಣು ಬಿದ್ದೈತಿ," ಎಂದ ಹುಲಗಪ್ಪ.

ಅವನ ಮನೆಯಲ್ಲೂ ಅಂಥದೊಂದಿತ್ತು: ಅಂಗೈಯಗಲದ, ನುಣುಪಾದ, ಒಂದು ತುದಿ ಹರಿತವಾದ ಕರಿಗಲ್ಲು. ಸಿಡಿಲಿನ ಜೊತೆ ಬಿದ್ದದ್ದೆಂದು ಮನೆಯವರು ಅದನ್ನು ಸಿಡಿಲಗಲ್ಲು ಎನ್ನುತ್ತಿದ್ದರು. ಕುರಿ ಈಯುವ ಕಾಲಕ್ಕೆ ಅವನ ಹೆಂಡತಿ ಶಂಕ್ರಮ್ಮ ಅದನ್ನು ನೀರಿನ ಬಾನಿಯಲ್ಲಿಟ್ಟು, ಸುಸೂತ್ರವಾಗಿ ಈಯಲೆಂದು ಆ ನೀರನ್ನು ಕುರಿಗಳಿಗೆ ಕುಡಿಸುತ್ತಿದ್ದಳು. ಅತ್ತೆಯಿಂದ ಬಂದ ಪದ್ಧತಿ. ಈ ಸಲ ಹನ್ನೊಂದು ಕುರಿ ಈಯುವುದರಲ್ಲಿದ್ದವು. ಅದೇ ವಾರ ಕಲ್ಲು ಕಾಣದಾಯಿತು.

"ಎಲ್ಲಿಟ್ಟೀರಿ?" ಎಂದು ಶಂಕ್ರಮ್ಮ ಗಂಡನನ್ನು ಕೇಳಿದಳು.

"ಕೇಳಬ್ಯಾಡ. ನಿನಗ ಗೊತ್ತಿಲ್ಲಂದ್ರ ಬಾಯಿ ತಪ್ಪಿ ಹೇಳೂದೂ ಇಲ್ಲ."

"ಹಂಗಾರ ಕುರಿಗಿ ನಿಮ್ಮ ಮಾತು ಕುಡಸ್ಲೇನ್ರಿ?"

ಸೋಮವಾರ ಸಂಗಣ್ಣ ಮಾಸ್ತರರು ಸೈಕಲ್ ನಿಲ್ಲಿಸಿ ಕಟ್ಟೆಯ ಮೇಲೆ ಕೂತರು.

"ಕಲ್ಲು ಒಯ್ಯಾಕ ಬಂದಿಲ್ಲಪ್ಪಾ. ಅದರ ಸುದ್ದಿ ಬರಕೊಳ್ಳಾಕ ಬಂದೇನಿ."

"ನಮ್ಮ ಮನ್ಯಾಗ ಅಂಥಾದ್ದೇನೂ ಇಲ್ರಿ," ಎಂದ ಹುಲಗಪ್ಪ.

"ಇಲ್ಲಂದ್ರ ಬಿಡು. ನಿಮ್ಮ ಓಣ್ಯಾಗ ಕೇಳಿ ಬರಕೊಂಡದ್ದು ಓದತೀನಿ, ತಪ್ಪಿದ್ರ ಹೇಳು. ಬಸ್ಸಮ್ಮನ ಮನಿ ಕಲ್ಲು, ಸಿಕ್ಕಿದ್ದು ಕಕ್ಕೇರಾ. ಹಣಮಂತ್ರಾಯನ ಮನಿ ಕಲ್ಲು, ಸಿಕ್ಕಿದ್ದು ಕಕ್ಕೇರಾ. ಹುಲಗಪ್ಪನ ಮನಿ ಕಲ್ಲು, ಸಿಕ್ಕಿದ್ದು ಕಕ್ಕೇರಾ. ಅಂದ್ರ ಇಂಥಾ ಕೊಡಲಿ ಮಾಡೂ ಮಂದಿ ಹಿಂದ ಇದೇ ಊರಾಗ..."

"ಯಾರ್ರೀ ಹಂಗ ಹೇಳಿದಾಂವ?" ಹುಲಗಪ್ಪ ಎದ್ದು ನಿಂತ. "ನಮ್ಮವ್ವಗ ಅದು ಸಿಕ್ಕಿದ್ದು ಕೊಂಕಲ್ ಊರ ಕಡಿ ಹೊಲದಾಗ! ಕುರಿಹಟ್ಟಿ ಹಾಕಿದ್ವಿ. ಗೂಟ ಬಡಿಯಾಕ ನೆಲ ಅಗದ್ರ ಬಂತು. ಬಸ್ಸಮ್ಮಂದೂ ಹಟ್ಟಿಗಿ ಹೋದಾಗ ತಂದದ್ದ. ಈ ಊರಾಗ ಒಂದರ ಸಿಕ್ಕೈತೇನು?"

ಶಂಕ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ಮನ್ಯಾಗ ಇಲ್ಲದ ಕಲ್ಲು ಎಷ್ಟ್ ದೂರದಿಂದ ಬಂದೈತಿ ನೋಡ್ರಿ, ಮಾಸ್ತರ್ರಾ."

ಹುಲಗಪ್ಪ ನೆಲ ನೋಡಿದ. ಮಾಸ್ತರರು ನಗಲಿಲ್ಲ.

"ಕುರಿ ಸಂಗಡ ಕಲ್ಲೂ ನಡದಾವ. ಇದು ನಮಗ ಯಾರಿಗೂ ಹೊಳದಿದ್ದಿಲ್ಲ. ನೀ ಸುಮ್ಮನಿದ್ದಿದ್ರ ನಮ್ಮ ತಪ್ಪು ಹಂಗ ಉಳೀತಿತ್ತು. ಓದಿದವರು ಇಲ್ಲಿಗೇ ಬಂದು ಹುಡುಕತಿದ್ರು."

"ಈಗ ಹೇಳೇನಲ್ರಿ. ನಮ್ಮಪ್ಪನ ಕತ್ತಿ ಒಯ್ದಂಗ ನಾಳಿ ಇದನ್ನೂ ಒಯ್ಯಂಗಿಲ್ಲಂತ ಯಾವ ನಂಬಿಗಿ?"

"ಕತ್ತಿ ಕೊಟ್ಟಾಗ ರಸೀದಿ ಕೊಟ್ರೇನು?"

"ಇಲ್ರಿ."

"ಮತ್ತ ನೀ ಸಂಶೆ ಪಡೂದು ಖರೇನ ಐತಿ. ಕಲ್ಲು ನಿನ್ನ ಹೇಣ್ತಿ ಕೈಯಾಗ ಇರಲಿ. ನಾ ಮುಟ್ಟಂಗಿಲ್ಲ. ಕಾಗದದ ಮ್ಯಾಲ ಗೆರಿ ಹೊಡಕೋತೀನಿ, ಅಷ್ಟ."

ಹುಲಗಪ್ಪ ಅತ್ತಿತ್ತ ನೋಡಿ ತಿಪ್ಪೆಯ ಕಡೆ ಹೋದ. ಹರಿದ ಕಂಬಳಿ ತುಂಡಿನಲ್ಲಿ ಸುತ್ತಿದ ಕಲ್ಲು ತಂದ.

"ತಿಪ್ಪ್ಯಾಗ?" ಎಂದಳು ಶಂಕ್ರಮ್ಮ. ಕಲ್ಲನ್ನು ಮೂರು ಸಲ ತೊಳೆದು ಕಾಗದದ ಮೇಲೆ ಒತ್ತಿ ಹಿಡಿದಳು. ಮಾಸ್ತರರು ಅದರ ಸುತ್ತ ಪೆನ್ಸಿಲ್ ಎಳೆದರು. 'ಕಕ್ಕೇರಾ' ಹೊಡೆದುಹಾಕಿ 'ಕೊಂಕಲ್ ಕಡೆಯ ಹೊಲ' ಎಂದು ಬರೆದರು. ಹುಲಗಪ್ಪ ಎರಡೆರಡು ಸಲ ಓದಿಸಿದ.

"ಸಿಕ್ಕಿದ್ದು ಇವರಿಗಲ್ರಿ, ನಮ್ಮತ್ತಿಗಿ. ಕರೆಮ್ಮ ಅಂತ ಬರೀರಿ," ಎಂದಳು ಶಂಕ್ರಮ್ಮ. ಅದನ್ನೂ ಬರೆದರು.

ಕಲ್ಲು ಬಾನಿಗೆ ಮರಳಿತು. ಹುಲಗಪ್ಪನಿಗೆ ಮಾತ್ರ ಸಮಾಧಾನವಿಲ್ಲ. ಮುಂದಿನ ತಿಂಗಳು ಶಹಾಪುರಕ್ಕೆ ಹೋದವನು ನೇರ ಆ ಕೋಣೆಗೆ ನಡೆದ. ಗೋಡೆಯ ಮೇಲೆ ತಮ್ಮ ಕಲ್ಲಿನ ಚಿತ್ರವಿತ್ತು, ಅದರ ಕೆಳಗೆ ಬರಹವಿತ್ತು. ಅವನಿಗೆ ಓದು ಬಾರದು. ಪತ್ರಿಕೆ ಓದುತ್ತ ಕೂತಿದ್ದವರೊಬ್ಬರನ್ನು ಕರೆತಂದು ಓದಿಸಿದ.

"ಸಿಕ್ಕಿದ್ದು ಕೊಂಕಲ್ ಕಡೆಯ ಹೊಲದಲ್ಲಿ, ಕಕ್ಕೇರಾದ ಕರೆಮ್ಮನಿಗೆ. ಕಲ್ಲು ಮನೆಯವರ ಹತ್ತಿರವೇ ಇದೆ."

"ಕಡೀ ಸಾಲು ಇನ್ನೊಮ್ಮಿ ಓದ್ರಿ," ಎಂದ ಹುಲಗಪ್ಪ.

ನಿಮ್ಮ ಮನೆಯ ದೇವರ ಮಾಡದಲ್ಲೋ ಕುರಿಹಟ್ಟಿಯಲ್ಲೋ ಇಂಥದೊಂದು ಇದ್ದೀತು. ಅದನ್ನು ತಿಕ್ಕಿ ಸವೆಸಬೇಡಿ, ಮಾರಬೇಡಿ. ಯಾರಿಗೆ, ಯಾವ ಹೊಲದಲ್ಲಿ ಸಿಕ್ಕಿತು ಎಂದು ಹಿರಿಯರನ್ನು ಇವತ್ತೇ ಕೇಳಿ, ಹತ್ತಿರದ ಸಂಗ್ರಹಾಲಯದಲ್ಲಿ ಬರೆಸಿ. ವಸ್ತು ಕೊಡಲೇಬೇಕೆಂದಿಲ್ಲ, ಕೊಟ್ಟರೆ ರಸೀದಿ ಕೇಳಿ. ಬರೆದದ್ದನ್ನು ಓದಿಸಿ ಕೇಳಿ. ತಪ್ಪಿದ್ದರೆ ಹುಲಗಪ್ಪನಂತೆ ಎದ್ದು ನಿಲ್ಲಿ.