ಜರಡಿಯ ಮೂರು ಪ್ರಶ್ನೆಗಳು

ಆಫೀಸಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಜರಡಿ ಎಂದು. ಸಾಮಾನು ಮಾರುವ ವೆಬ್‌ಸೈಟೊಂದರ ಲ್ಯಾಪ್‌ಟಾಪ್ ವಿಭಾಗಕ್ಕೆ ಫಿಲ್ಟರ್ ಮಾಡಿ ಕೂರಿಸುವುದು ಅವನ ಕೆಲಸ. ಏಳು ವರ್ಷದಲ್ಲಿ ಪುಟದ ಎಡಬದಿಗೆ ನಲವತ್ತೊಂದು ಫಿಲ್ಟರ್ ಪೇರಿಸಿದ್ದ. ಪರದೆ ಎಷ್ಟು ಅಗಲ, ತೂಕ ಎಷ್ಟು, ಒಳಗಿನ ಚಿಪ್ ಯಾವ ತಲೆಮಾರಿನದು, ಕೀಲಿಗಳ ಕೆಳಗೆ ದೀಪ ಉಂಟೋ ಇಲ್ಲವೋ. ಮನೆ ಕೊಳ್ಳುವವರೂ ಇಷ್ಟು ವಿಚಾರಿಸುವುದಿಲ್ಲ. ಎಲ್ಲಕ್ಕೂ ಶ್ರದ್ಧೆಯಿಂದ ಉತ್ತರ ಕೊಟ್ಟ ಗಿರಾಕಿಗೆ ಕೊನೆಯಲ್ಲಿ ‘ಯಾವುದೂ ಸಿಗಲಿಲ್ಲ’ ಎಂಬ ಸಾಲು ಸಿಗುತ್ತಿತ್ತು. ಅವನು ಪುಟ ಮುಚ್ಚಿ, ಭಾವಮೈದುನನನ್ನು ಕೇಳಿ, ಅವನು ಹೇಳಿದ್ದನ್ನು ಬೇರೆ ಅಂಗಡಿಯಲ್ಲಿ ಕೊಳ್ಳುತ್ತಿದ್ದ.

ಇದು ಮೇಲಧಿಕಾರಿಣಿಯ ಕಿವಿಗೆ ಬಿದ್ದದ್ದೇ ತಡ, “ಸರಳವಾದದ್ದೊಂದು ಮಾಡಿ. ಗಿರಾಕಿಗಳ ಮಾತು ಕೇಳಿ ಮಾಡಿ” ಎಂದು ಅಪ್ಪಣೆಯಾಯಿತು. ಜರಡಿಗೆ ಹುರುಪು ಬಂತು. ನಲವತ್ತೊಂದು ಫಿಲ್ಟರ್ ಹಾಕಿದವನೇ ಅಷ್ಟು ಹಾಕಬಾರದಿತ್ತೆಂದು ಎಲ್ಲರಿಗಿಂತ ಮೊದಲು ಸಾರತೊಡಗಿದ. ಅಪ್ಪಣೆಯ ಎರಡನೆಯ ಭಾಗ ಮಾತ್ರ ಅವನಿಗೆ ಅಷ್ಟಾಗಿ ನೆನಪಿರಲಿಲ್ಲ.

ಇತ್ತ ಮನೆಯಲ್ಲಿ ಅವನ ಹೆಂಡತಿಯ ಲ್ಯಾಪ್‌ಟಾಪ್ ಕೊನೆಯುಸಿರು ಎಳೆಯುತ್ತಿತ್ತು. ಅದರ ಪರದೆಗೆ ಬಿಸ್ಕತ್ ಡಬ್ಬವೇ ಆಸರೆ. ಅದಾದರೂ ಪರವಾಗಿಲ್ಲ, ಐದು ನಿಮಿಷ ಓಡಿತೆಂದರೆ ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಅಬ್ಬರಿಸುತ್ತಿತ್ತು. ಅವಳ ಕೆಲಸವೋ ಕಿವಿಯದು. ಯಾರ್ಯಾರದೋ ಆಫೀಸಿನ ಮೀಟಿಂಗುಗಳ ರೆಕಾರ್ಡಿಂಗನ್ನು ಏಜೆನ್ಸಿಯೊಂದು ಕಳಿಸುತ್ತಿತ್ತು. ಅವಳು ಕೇಳಿಸಿಕೊಂಡು ಪದಕ್ಕೆ ಪದ ಟೈಪ್ ಮಾಡಬೇಕು. ಕೇಳಿಸದ ಕಡೆ ‘ಅಸ್ಪಷ್ಟ’ ಎಂದು ಬರೆಯಬೇಕು. ಒಂದು ಫೈಲಿನಲ್ಲಿ ಮೂರು ಅಸ್ಪಷ್ಟಕ್ಕೆ ಮಾಫಿ, ನಾಲ್ಕಾದರೆ ವಾಪಸ್. ಮೂರು ಫೈಲು ವಾಪಸ್ ಬಂದರೆ ಕೆಲಸವೇ ಹೋದಂತೆ. ಅವಳದು ಎರಡು ಬಂದಾಗಿತ್ತು.

“ರೀ, ಬೀದಿ ತುದಿಯ ರಿಪೇರಿಯವನನ್ನ ಒಂದ್ಸಲ ಕೇಳ್ಲಾ?” ಎಂದಳು.

“ಊರಿಗೆಲ್ಲ ಲ್ಯಾಪ್‌ಟಾಪ್ ಹುಡುಕಿಕೊಡೋನ ಹೆಂಡತಿ ರಿಪೇರಿಯವನ ಹತ್ರ ಹೋದ್ಲು ಅಂತಾದ್ರೆ ನಾನು ಮುಖ ಎತ್ಕೊಂಡು ಓಡಾಡೋದು ಹೇಗೆ? ಎರಡು ವಾರ ತಡ್ಕೋ. ನನ್ನದು ರೆಡಿಯಾಗ್ಲಿ, ಮೊದಲ ಗಿರಾಕಿ ನೀನೇ.”

“ಬೇರೇನೂ ಇಲ್ಲ ಕಣ್ರೀ, ಸದ್ದು ಅಷ್ಟೇ.”

“ಅದೆಲ್ಲ ಅದರಲ್ಲೇ ಬರತ್ತೆ, ಬಿಡು.”

ಎರಡು ವಾರ ಏಳು ವಾರವಾಯಿತು. ಸರಳ ಮಾಡುವುದು ಅಷ್ಟು ಸುಲಭವಲ್ಲ. ಒಂದೊಂದು ಫಿಲ್ಟರಿಗೂ ಆಫೀಸಿನಲ್ಲಿ ಒಬ್ಬೊಬ್ಬ ವಾರಸುದಾರ. ಬಣ್ಣದ ಫಿಲ್ಟರನ್ನು ತೆಗೆದ ದಿನ ಜಾಹೀರಾತಿನವನು ಊಟ ಬಿಟ್ಟ. ಆದರೂ ಜರಡಿ ಪಟ್ಟು ಬಿಡದೆ ನಲವತ್ತೊಂದನ್ನು ಹನ್ನೆರಡಕ್ಕೆ, ಹನ್ನೆರಡನ್ನು ಐದಕ್ಕೆ, ಐದನ್ನು ಮೂರಕ್ಕೆ ಇಳಿಸಿದ. ಏನು ಕೆಲಸಕ್ಕೆ? ಎಷ್ಟು ಬೆಲೆಯದು? ಹೊತ್ತು ತಿರುಗುತ್ತೀರಾ?

ಕೊನೆಯ ಮೀಟಿಂಗಿನ ದಿನ ಮೇಲಧಿಕಾರಿಣಿ ರಜೆಯಲ್ಲಿದ್ದರು. ಗಿರಾಕಿಗಳ ಫೋನ್ ತೆಗೆದುಕೊಳ್ಳುವ ಹುಡುಗಿ ಎದ್ದು ನಿಂತು, “‘ಈಗಿರೋದರಲ್ಲಿ ಏನು ತೊಂದರೆ’ ಅಂತಾನೂ ಕೇಳೋಣ ಸರ್. ಫೋನ್ ಮಾಡೋರೆಲ್ಲ ಅಲ್ಲಿಂದಲೇ ಶುರು ಮಾಡ್ತಾರೆ” ಎಂದಳು. ಮನೆಯಲ್ಲಿ ಗೋಡೆ ಬಿರಿಯುವಂತೆ ಮಾತಾಡುವ ಜರಡಿ ಆಫೀಸಿನಲ್ಲಿ ಬಾಯಿಯೊಳಗೇ ಮಾತಾಡುವವನು. ತಗ್ಗಿದ ದನಿಯಲ್ಲಿ ಅದೇನೋ ಹೇಳಿದ, ಎಲ್ಲರೂ ನಕ್ಕರು, ನಾಲ್ಕನೆಯ ಪ್ರಶ್ನೆ ಅಲ್ಲಿಗೇ ಬಿತ್ತು. ಮೇಲಧಿಕಾರಿಣಿ ಬಂದಮೇಲೆ ಓದಲೆಂದು ರೆಕಾರ್ಡಿಂಗು ಎಂದಿನಂತೆ ಎಲ್ಲಿಗೋ ಟೈಪಿಂಗಿಗೆ ಹೋಯಿತು. ಎಲ್ಲಿಗೆಂದು ಆ ಏಳು ವರ್ಷದಲ್ಲಿ ಯಾರೂ ವಿಚಾರಿಸಿದವರಲ್ಲ.

ಶನಿವಾರ ಅವನು ತನ್ನ ಹೊಸ ಪುಟವನ್ನು ಮನೆಯಲ್ಲಿ ತೆರೆದು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ. ಮೊದಲ ಪ್ರಶ್ನೆಗೆ ಅವಳು ಬಾಯಿ ತೆರೆಯುವಷ್ಟರಲ್ಲಿ ತಾನೇ ಒತ್ತಿದ. “ನಿಂದು ನಂಗೊತ್ತಲ್ಲ. ಟೈಪಿಂಗು. ಕಮ್ಮಿ ಬೆಲೆ. ಹೊರಗೆ ಹೊರೋದಿಲ್ಲ.” ಕಣ್ಣು ಮಿಟುಕಿಸುವುದರೊಳಗೆ ಒಂದೇ ಒಂದು ಲ್ಯಾಪ್‌ಟಾಪ್ ಪರದೆಯ ಮೇಲೆ ಬಂದು ನಿಂತಿತು.

“ಇದು ನನ್ನ ಹತ್ರ ಇದೆಯಲ್ರೀ.”

ಜರಡಿ ಬಗ್ಗಿ ನೋಡಿದ. ಹೌದು, ಬಿಸ್ಕತ್ ಡಬ್ಬಕ್ಕೆ ಒರಗಿದ್ದ ಅದೇ ಮಾಡೆಲ್ಲು, ಬಣ್ಣವಷ್ಟೇ ಬೇರೆ. ಬೇರೆ ಯಾರಾಗಿದ್ದರೂ ನಾಚುತ್ತಿದ್ದರು. ಅವನ ಮುಖ ಅರಳಿತು.

“ನೋಡಿದ್ಯಾ? ಅವತ್ತು ನಾನು ಸರಿಯಾಗೇ ಆರಿಸಿದ್ದೆ.”

ಅವಳು ಎದ್ದು ಹೋಗಿ ಒಣಗಿದ ಬಟ್ಟೆ ಮಡಿಸತೊಡಗಿದಳು. ಅವಳಿಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು.

ಸೋಮವಾರ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊಸ ಪುಟದ ಉದ್ಘಾಟನೆಗೆ ಹೋದ. ಅವಳು ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಬೀದಿ ತುದಿಗೆ ಹೋದಳು. ಸಂಜೆ ಆರಕ್ಕೆ ಒಂದು ಫೈಲು ಕಳಿಸಬೇಕಿತ್ತು. ಅದರಲ್ಲಿ ಆಗಲೇ ನಾಲ್ಕು ಅಸ್ಪಷ್ಟ. ಮೂರು ಕಡೆ ಇಬ್ಬಿಬ್ಬರು ಒಟ್ಟಿಗೇ ಮಾತಾಡಿದ್ದರು, ಅದಕ್ಕೆ ದೇವರು ಬಂದರೂ ಏನೂ ಮಾಡುವಂತಿರಲಿಲ್ಲ. ನಾಲ್ಕನೆಯದು ಯಾರೋ ಗೊಣಗುಬಾಯಿಯವನದು.

ರಿಪೇರಿಯವನು ತಲೆ ಎತ್ತದೆಯೇ ಕೇಳಿದ, “ಏನು ತೊಂದರೆ ಅಕ್ಕಾ?”

ಏಳು ವಾರದಲ್ಲಿ ಅವಳನ್ನು ಹಾಗೆ ಕೇಳಿದವನು ಅವನೊಬ್ಬನೇ. ಅವಳು ಸದ್ದಿನ ಸುದ್ದಿಯನ್ನೆಲ್ಲ ಹೇಳಿಕೊಂಡಳು. ಅವನು ಕೆಳಗಿನ ತಿರುಪುಗಳನ್ನು ಬಿಚ್ಚಿ, ಸಣ್ಣ ಬ್ರಶ್ಶಿನಿಂದ ಫ್ಯಾನಿನ ಸಂದಿಯಲ್ಲಿದ್ದ ಒಂದು ಹಿಡಿ ಧೂಳನ್ನು ಕೆದಕಿ ತೆಗೆದ. ಹತ್ತು ನಿಮಿಷದ ಕೆಲಸ. ಮನೆಗೆ ಬಂದು ಆನ್ ಮಾಡಿದರೆ, ಓಡುತ್ತಿದೆಯೋ ಇಲ್ಲವೋ ಎಂದು ಕಿವಿಯಿಟ್ಟು ನೋಡಬೇಕಾಯಿತು. ಅವಳು ಇಯರ್‌ಫೋನ್ ಸಿಕ್ಕಿಸಿಕೊಂಡು ಗೊಣಗುಬಾಯಿಯವನ ಮಾತಿಗೆ ಹೋದಳು. ಎರಡು ಪದ ಕೇಳಿದ ಮೇಲೆ ಅವಳ ಬೆರಳು ಕೀಲಿಯ ಮೇಲೆಯೇ ನಿಂತಿತು.

ಆರಕ್ಕೆ ಹತ್ತು ನಿಮಿಷವಿದ್ದಾಗ ಜರಡಿ ಕೇಕಿನ ಪೆಟ್ಟಿಗೆ ಹಿಡಿದು ಬಂದ. ಮನೆಯ ಮೌನಕ್ಕೆ ಬೆರಗಾದ.

“ಹೊಸದು ತಗೊಂಡ್ಯಾ?”

“ಇಲ್ಲ, ಧೂಳು ತೆಗೆಸಿದೆ. ಬನ್ನಿ, ಇದೊಂದಿಷ್ಟು ಓದಿ. ಯಾರದೋ ಆಫೀಸಿನ ಮೀಟಿಂಗು. ತಪ್ಪಿದ್ರೆ ಹೇಳಿ.”

ಅವನು ಬಗ್ಗಿ ಓದಿದ. ‘ಏನು ತೊಂದರೆ ಅಂತ ಕೇಳಿದ್ರೆ ಮುಗೀತು, ಹೇಳ್ತಾನೇ ಇರ್ತಾರೆ. ನಮ್ಮನೇಲಿ ಏಳು ವಾರದಿಂದ ಸದ್ದು ಸದ್ದು ಅಂತ ಒಂದೇ ರಾಗ. ನಾನು ಕಿವಿಗೇ ಹಾಕ್ಕೊಂಡಿಲ್ಲ. ಅವಳಿಗೆ ಏನು ಬೇಕು ಅಂತ ಅವಳಿಗಿಂತ ನಂಗೆ ಚೆನ್ನಾಗಿ ಗೊತ್ತು. (ಎಲ್ಲರ ನಗು)’

ಕೇಕಿನ ಪೆಟ್ಟಿಗೆ ಅವನ ಕೈಯಲ್ಲೇ ಉಳಿಯಿತು. ನಾಳೆ ಇದು ಮೇಲಧಿಕಾರಿಣಿಯ ಮೇಜಿಗೆ ಹೋಗುತ್ತದೆ. ಆದರೆ ಆ ಕ್ಷಣ ಅವನಿಗೆ ಅದಕ್ಕಿಂತ ಕಷ್ಟವಾದದ್ದು ಪಕ್ಕಕ್ಕೆ ತಿರುಗಿ ಹೆಂಡತಿಯ ಮುಖ ನೋಡುವುದು.

“ಒಂದಕ್ಷರ ಬಿಡೋ ಹಾಗಿಲ್ಲ” ಎಂದಳು ಅವಳು. “ನಾಲ್ಕನೇ ಅಸ್ಪಷ್ಟ ಬಂದ್ರೆ ನನ್ನ ಕೆಲಸ ಹೋಗತ್ತೆ. ಇದನ್ನೂ ಹೇಳಿದ್ದೆ ನಿಮಗೆ.”

ಜರಡಿ ಗಂಟಲು ಸರಿಮಾಡಿಕೊಂಡ. ಆಫೀಸಿನಲ್ಲಿ ಆಡುವ ಅದೇ ತಗ್ಗಿದ ದನಿಯಲ್ಲಿ, “ಇದೊಂದು ಸಾಲು ಅಸ್ಪಷ್ಟ ಅಂತ ಹಾಕಿಬಿಡೋಕೆ ಆಗಲ್ವಾ?” ಎಂದ.

ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಅಡುಗೆಮನೆಯ ಗಡಿಯಾರದ ಟಿಕ್‌ಟಿಕ್ ಇಲ್ಲಿಗೆ ಕೇಳುತ್ತಿತ್ತು.

“ಏನಂದ್ರಿ?” ಎಂದಳು ಹೆಂಡತಿ, ಪರದೆಯಿಂದ ಕಣ್ಣು ತೆಗೆಯದೆ. “ಕೇಳಿಸಲಿಲ್ಲ.”

ಆರಕ್ಕೆ ಇನ್ನೂ ಮೂರು ನಿಮಿಷವಿತ್ತು. ಅವಳು ಫೈಲನ್ನು ಕಳಿಸಿದಳು.