ಗಣಿಯ ಪಕ್ಕದ ಚಿನ್ನ

ನಾರಾವಿಯ ನೋಣಯ್ಯನಿಗೆ ಚಿನ್ನದ ಗಣಿಯಲ್ಲಿ ಕೆಲಸ ಕೊಡಿಸಿದವಳು ಸಾಧನಾ. ಆ ಕೆಲಸ ಹೋದದ್ದೂ ಅವಳಿಂದಲೇ. ಮೊದಲನೆಯದನ್ನು ಊರಿಗೆಲ್ಲ ಹೇಳಿಕೊಂಡಿದ್ದಳು, ಎರಡನೆಯದನ್ನು ಗಂಡನಿಗೂ ಹೇಳಿರಲಿಲ್ಲ.

ಘಟ್ಟದ ಮೇಲಿನ ಆ ಹಳೆಯ ಗಣಿಯಲ್ಲಿ ಅವಳು ಭೂವಿಜ್ಞಾನಿ. ಗಣಿಯ ಪೂರ್ವಕ್ಕೆ ಹೊಸದಾಗಿ ಕೊರೆದು ತೆಗೆದ ಕಲ್ಲನ್ನು ನೋಣಯ್ಯ ಯಂತ್ರಕ್ಕೆ ಹಾಕಿ ಪುಡಿ ಮಾಡುತ್ತಿದ್ದ. ಪುಡಿಯನ್ನು ಕೈಯಾರೆ ಕಲಸಿ, ಪಾಲು ಮಾಡಿ, ಪರೀಕ್ಷೆಗೆ ಕಳಿಸುವುದು ಅವಳ ಕೆಲಸ. ಆ ಕೋಣೆಗೆ ಯಾರೂ ಚಿನ್ನ ತೊಟ್ಟು ಬರುವಂತಿಲ್ಲ. ಒಂದು ಚೂರು ತೇದು ಪುಡಿಗೆ ಬಿದ್ದರೂ ಫಲಿತಾಂಶ ಕೆಡುತ್ತದೆ. ಹೊಸಬರಿಗೆ ಈ ನಿಯಮ ಹೇಳಿಕೊಡುತ್ತಿದ್ದವಳೂ ಅವಳೇ.

ಆದರೆ ಮದುವೆಯಾಗಿ ಮೂಡಬಿದಿರೆಯಿಂದ ಹೊರಡುವಾಗ ಅತ್ತೆ ಮನೋರಮಾ ಚಿನ್ನದ ಬಳೆ ತೊಡಿಸಿ, "ವರ್ಷ ತುಂಬುವವರೆಗೆ ಕೈ ಬರಿದು ಮಾಡಬೇಡ ಮಗಾ" ಎಂದಿದ್ದರು. ನಮ್ಮ ವಿದ್ಯಾವಂತೆ ಏನು ಮಾಡಿದಳು? ಬಳೆಗಳನ್ನು ಉದ್ದ ತೋಳಿನ ಅಂಗಿಯೊಳಗೆ ತಳ್ಳಿ ಕೆಲಸಕ್ಕೆ ಕೂತಳು. ಯಾರ ಕಣ್ಣಿಗೂ ಬೀಳಲಿಲ್ಲ ಅಂದುಕೊಂಡಳು.

ಪರೀಕ್ಷೆಯಲ್ಲಿ ಚಿನ್ನ ಕಂಡಿತು. ಹಳೆಯ ಗಣಿಯ ಪಕ್ಕದಲ್ಲೇ ಹೊಸ ಅದಿರು! ಮ್ಯಾನೇಜರು ಸಿಹಿ ಹಂಚಿದರು. ಮನೋರಮಾ ಪೇಟೆಯಲ್ಲಿ ಎದುರು ಸಿಕ್ಕವರನ್ನೆಲ್ಲ ನಿಲ್ಲಿಸಿ "ನಮ್ಮ ಸೊಸೆ ಚಿನ್ನ ಹುಡುಕಿದಳು" ಎಂದರು. ಆಮೇಲೆ ಉಳಿದ ಕಲ್ಲನ್ನು ಬೇರೆ ಕಡೆ ಪರೀಕ್ಷಿಸಿದರೆ ಏನೂ ಇಲ್ಲ. ಯಾರೋ ಬೇಕೆಂದೇ ಚಿನ್ನ ಬೆರೆಸಿದ್ದಾರೆ ಎಂದಾಯಿತು. ಸಂಶಯ ಪುಡಿ ಮಾಡುವವನ ಮೇಲೆ ಬಿತ್ತು. ಮೇಡಂ ಮೇಲೆ ಬೀಳುವುದುಂಟೆ? ಅಂದು ಸಂಜೆ ಸಾಧನಾ ಬಳೆ ತಿರುಗಿಸಿ ನೋಡಿದಳು. ಒಂದು ಬದಿಯ ಚಿತ್ತಾರವೇ ಸವೆದಿತ್ತು. ಮರುದಿನ ನೋಣಯ್ಯ ಗಂಟುಮೂಟೆ ಕಟ್ಟುವಾಗ ಅವಳು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

ರಜೆಯಲ್ಲಿ ಮೂಡಬಿದಿರೆಗೆ ಬಂದಳು. ತನ್ನ ಮೇಲೆ ತನಗೇ ಹೇಸಿಗೆಯಾಗಿ ಒಂದು ಬೆಳಿಗ್ಗೆ ನಾರಾವಿ ಬಸ್ಸು ಹತ್ತಿದಳು.

ನೋಣಯ್ಯ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. "ಬನ್ನಿ ಮೇಡಂ, ಕೂತುಕೊಳ್ಳಿ" ಎಂದ. ಅವನ ಹೆಂಡತಿ ಬೆಲ್ಲ, ನೀರು ತಂದಿಟ್ಟಳು. ಬೈದಿದ್ದರೆ ಎಷ್ಟೋ ವಾಸಿ ಎನಿಸಿತು ಸಾಧನಾಗೆ.

"ನೋಣಯ್ಯಣ್ಣ, ಅದು ನನ್ನ ಬಳೆಯಿಂದ ಆದದ್ದು."

"ಗೊತ್ತುಂಟು. ತೋಳು ಮೇಲೆ ಹೋದಾಗ ನೋಡಿದ್ದೇನೆ. ಹೊಸ ಮದುಮಗಳು, ನಮ್ಮ ಕಡೆಯವರು ಬೇರೆ. ಬಳೆ ತೆಗೆಯಿರಿ ಅಂತ ಹೇಳುವುದು ಹೇಗೆ? ಬಾಯಿ ಬರಲಿಲ್ಲ."

"ಮತ್ತೆ ನಿಮ್ಮನ್ನು ಮೋಸಗಾರ ಅಂದಾಗಲಾದರೂ ಹೇಳಬಹುದಿತ್ತಲ್ಲ?"

ನೋಣಯ್ಯ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟ.

"ನೀವೇ ಹೇಳ್ತೀರಿ ಅಂತ ಕಾದೆ ಮೇಡಂ. ಬಸ್ಸು ಹೊರಡುವವರೆಗೂ ಕಾದೆ."

ಸಾಧನಾ ನಾಚಿಕೆಯಿಂದ ಹಿಡಿಯಷ್ಟಾದಳು. ಅಲ್ಲೇ ಕೂತು ಮ್ಯಾನೇಜರಿಗೆ ಫೋನು ಮಾಡಿದಳು. ಬಳೆಯ ವಿಷಯ ಹೇಳಿದಳು, ನೋಣಯ್ಯನದು ಏನೂ ತಪ್ಪಿಲ್ಲ ಎಂದಳು. ಅವರು ಕೇಳಿದ್ದು ಒಂದೇ: "ಇಷ್ಟು ದಿನ ಯಾಕೆ ಹೇಳಲಿಲ್ಲ?"

ಫೋನಿನಿಂದ ಅದು ನೋಣಯ್ಯನಿಗೂ ಕೇಳಿಸಿತು; ಉತ್ತರಕ್ಕಾಗಿ ಅವನೂ ಅವಳ ಮುಖ ನೋಡಿದ.

"ಮರ್ಯಾದೆ ಹೋಗ್ತದೆ ಅಂತ ಹೆದರಿದೆ ಸರ್" ಎಂದಳು ಸಾಧನಾ. "ನನ್ನದು ಉಳಿಸಲಿಕ್ಕೆ ಇವರದ್ದು ಕಳೆದೆ."